ಮದುವೆಗೆ ಮುನ್ನ: ಮೈಬಣ್ಣವೋ, ಮೈಯ ಆರೋಗ್ಯವೋ?

ಮದುವೆ ನಿಶ್ಚಯವಾಯಿತೆಂದರೆ ಮನೆಯಲ್ಲಿ ಮೊದಲು ತೆರೆದುಕೊಳ್ಳುವುದು ಖರ್ಚಿನ ಪುಸ್ತಕ. ಛತ್ರದ ಬಾಡಿಗೆ, ಅಡಿಗೆಯವರ ಮುಂಗಡ, ಜವಳಿ, ಒಡವೆ, ಲಗ್ನಪತ್ರಿಕೆ, ವಾದ್ಯ, ಫೋಟೋ, ಊರಿನಿಂದ ಬರುವ ಬಂಧುಗಳ ಪ್ರಯಾಣ, ತಾಂಬೂಲದ ಚೀಲ ಎಂದು ಬಾಬುವಾರು ಬರೆದು ಕೂಡಿಸುವ ಹಿರಿಯರು ಒಂದು ಬಾಬನ್ನು ಮಾತ್ರ ಸಾಮಾನ್ಯವಾಗಿ ಮರೆತುಬಿಡುತ್ತಾರೆ. ಅದು ಹಸೆಮಣೆಯ ಮೇಲೆ ಕುಳಿತುಕೊಳ್ಳುವ ಇಬ್ಬರ ಶರೀರಾರೋಗ್ಯದ ಬಾಬು. ಮುಹೂರ್ತಕ್ಕೆ ಇನ್ನು ಹತ್ತು ದಿನಗಳಿವೆ ಎನ್ನುವಾಗ ವಧುವಿನ ಮುಖದ ಮೊಡವೆಯೂ ವರನ ಹಲ್ಲಿನ ಕಲೆಯೂ ಒಮ್ಮೆಲೇ ಎಲ್ಲರ ಕಣ್ಣಿಗೆ ಬೀಳುತ್ತವೆ. ಆಗ ಬ್ಯೂಟಿ ಪಾರ್ಲರು, ಔಷಧದಂಗಡಿ, ನೆರೆಮನೆಯವರ ಸಲಹೆ ಎಂದು ಮನೆಮಂದಿಯೆಲ್ಲ ಓಡಾಡತೊಡಗುತ್ತಾರೆ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸವೆಂಬ ಹಳೆಯ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಮದುವೆಯ ದಿನ ಚೆನ್ನಾಗಿ ಕಾಣಬೇಕೆಂಬ ಆಸೆ ತಪ್ಪಲ್ಲ. ಎಣ್ಣೆ ನೀರು, ಅರಿಶಿನ ಶಾಸ್ತ್ರಗಳನ್ನು ಏರ್ಪಡಿಸಿದ ಹಿರಿಯರೇ ಆ ಆಸೆಗೆ ಸಮ್ಮತಿಯ ಮುದ್ರೆಯೊತ್ತಿದ್ದಾರೆ. ಆದರೆ ಅವಸರದಲ್ಲಿ ಮಾಡುವ ಉಪಚಾರ ಹೆಚ್ಚು ಬಡ್ಡಿಯ ಕೈಸಾಲವಿದ್ದಂತೆ. ಮದುವೆಯ ದಿನ ಅದರಿಂದ ಕೈತುಂಬಿದಂತೆ ತೋರಬಹುದು. ತೀರಿಸುವ ಹೊಣೆ ಮಾತ್ರ ಮುಂದಿನ ವರ್ಷಗಳ ಮೇಲೆ ಬೀಳುತ್ತದೆ. ಆರು ತಿಂಗಳು ಮೊದಲೇ ಆರಂಭಿಸಿದ ಅಲ್ಪ ಆರೈಕೆಯಾದರೋ ತಿಂಗಳು ತಿಂಗಳೂ ಕಟ್ಟಿದ ಆವರ್ತ ಠೇವಣಿಯಂತೆ ಬೇಕಾದ ದಿನ ತಾನಾಗಿ ಕೈಗೆ ಬರುತ್ತದೆ. ಕಾರ್ತಿಕದಲ್ಲಿ ನಿಶ್ಚಿತಾರ್ಥ, ವೈಶಾಖದಲ್ಲಿ ಮದುವೆ ಎಂಬುದು ಅನೇಕ ಮನೆಗಳಲ್ಲಿ ನಡೆದು ಬಂದ ಕ್ರಮ. ನಡುವಿನ ಆ ಆರು ತಿಂಗಳು ದೇಹಕ್ಕೆ ಸಾಕಾದಷ್ಟು ಕಾಲ.

ಚರ್ಮದ ಲೆಕ್ಕ

ಚರ್ಮದ ಹೊರಪದರ ಪೂರ್ತಿ ಹೊಸದಾಗಲು ಸುಮಾರು ನಾಲ್ಕು ವಾರಗಳು ಬೇಕು. ಮೊಡವೆಗೆ ವೈದ್ಯರು ಕೊಡುವ ಔಷಧ ಫಲ ತೋರಲು ಎರಡರಿಂದ ಮೂರು ತಿಂಗಳು ಹಿಡಿಯುತ್ತದೆ. ಮೊದಲ ಕೆಲವು ವಾರಗಳಲ್ಲಿ ಮೊಡವೆ ತುಸು ಹೆಚ್ಚಿದಂತೆ ಕಾಣುವುದೂ ಉಂಟು. ಈ ಕಾಲಮಾನವನ್ನು ಹಣದಿಂದ ಕುಗ್ಗಿಸಲು ಬಾರದು. ಹತ್ತು ದಿನಗಳಲ್ಲಿ ಮುಖವನ್ನು ಬೆಳಗಿಸುವ ಲೇಪವೊಂದಿದ್ದರೆ ಅದನ್ನು ಕಂಡು ಸಂತೋಷಪಡುವುದಕ್ಕಿಂತ ಸಂಶಯಪಡುವುದೇ ವಿವೇಕ.

ಅಂಥ ಲೇಪಗಳಲ್ಲಿ ಬಹುಸಂಖ್ಯೆಯವು ಸ್ಟೀರಾಯ್ಡ್ ಬೆರೆತವು. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್ ಮೊದಲಾದ ಹೆಸರುಗಳು ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತವೆ. ಇವು ತಜ್ಞರು ಗೊತ್ತಾದ ಕಾಯಿಲೆಗೆ, ಗೊತ್ತಾದ ಅವಧಿಗೆ ಮಾತ್ರ ಕೊಡತಕ್ಕ ಒಳ್ಳೆಯ ಔಷಧಗಳೇ. ಆದರೆ ಮುಖಕ್ಕೆ ದಿನವೂ ಹಚ್ಚತೊಡಗಿದರೆ ಮೊದಲ ಎರಡು ವಾರ ಚರ್ಮದ ಸೂಕ್ಷ್ಮ ರಕ್ತನಾಳಗಳು ಸಂಕುಚಿತಗೊಂಡು ಬಣ್ಣ ತಿಳಿಯಾದಂತೆ ತೋರುತ್ತದೆ, ಮೊಡವೆಯೂ ಅಡಗುತ್ತದೆ. ಮನೆಯವರೆಲ್ಲ ಮೆಚ್ಚುತ್ತಾರೆ. ದಿನ ಕಳೆದಂತೆ ಚರ್ಮ ತೆಳುವಾಗಿ ರಕ್ತನಾಳಗಳು ಕೆಂಪುಗೆರೆಗಳಂತೆ ಎದ್ದು ಕಾಣುತ್ತವೆ; ಮುಖದ ಮೇಲೆ ರೋಮ ಬೆಳೆಯುತ್ತದೆ; ಮೊಡವೆ ಇಮ್ಮಡಿಸುತ್ತದೆ. ಲೇಪ ನಿಲ್ಲಿಸಿದರೆ ಉರಿ, ತುರಿಕೆ, ಕೆಂಪು. ಅದನ್ನು ತಾಳಲಾರದೆ ಮತ್ತೆ ಅದೇ ಟ್ಯೂಬು. ಹೀಗೆ ಮದುವೆಗೆಂದು ಕೊಂಡ ವಸ್ತು ಮದುವೆಯಾಗಿ ವರ್ಷಗಳಾದರೂ ಬಿಡುವುದಿಲ್ಲ.

ಇದು ಕೇವಲ ಭೀತಿಯ ಮಾತಲ್ಲ. ದೇಶದ ಹಲವು ಕೇಂದ್ರಗಳ ಚರ್ಮವೈದ್ಯರು ಕೂಡಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಖದ ತೊಂದರೆಗಾಗಿ ಬಂದ 2,926 ಮಂದಿಯ ಪೈಕಿ 433 ಮಂದಿ ಸ್ಟೀರಾಯ್ಡ್ ಲೇಪಗಳನ್ನು ಬಳಸುತ್ತಿದ್ದುದು ಕಂಡುಬಂದಿತು. ಅಂದರೆ ನೂರಕ್ಕೆ ಸುಮಾರು ಹದಿನೈದು ಮಂದಿ. 2018ರ ಮಾರ್ಚ್ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಗಳ ಪಟ್ಟಿಗೆ ಸೇರಿಸಿತು. ಕಾನೂನು ಬಂದಿದೆ, ಆದರೆ ಅಂಗಡಿಯವನು ಚೀಟಿ ಕೇಳಬೇಕಾದರೆ ಕೊಳ್ಳುವವರಿಗೂ ಅದರ ಅರಿವಿರಬೇಕು.

ಇದಕ್ಕಿಂತ ಭೀಕರವಾದುದು ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗದಂತೆ ಪಾದರಸದ ಲವಣಗಳು ತಡೆಯುತ್ತವೆ; ಹಾಗಾಗಿ ಹೆಸರುದೆಸೆಯಿಲ್ಲದ ಬಿಳುಪಿನ ಕ್ರೀಮುಗಳಲ್ಲಿ ಅವನ್ನು ಬೆರೆಸುತ್ತಾರೆ. ಅವು ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡವನ್ನು ಕೆಡಿಸುತ್ತವೆ. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡ ರೋಗದ 22 ಪ್ರಕರಣಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 15 ಮಂದಿಯದು ಅಪರೂಪದ ಒಂದೇ ಗುಂಪಿಗೆ ಸೇರಿದ ರೋಗವಾಗಿತ್ತು. ಆ 15 ಮಂದಿಯಲ್ಲಿ 13 ಮಂದಿ ರೋಗ ಕಾಣಿಸಿಕೊಳ್ಳುವ ಮುನ್ನ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಕಾಲು ಊದಿಕೊಂಡು, ಮೂತ್ರದಲ್ಲಿ ನೊರೆ ಕಾಣುವವರೆಗೆ ಯಾರಿಗೂ ಕ್ರೀಮಿನ ಮೇಲೆ ಸಂಶಯ ಹುಟ್ಟುವುದಿಲ್ಲ. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಒಳಗಿನ ವಸ್ತುಗಳ ಪಟ್ಟಿ ಇವು ಮೂರೂ ಇಲ್ಲದ ಡಬ್ಬಿ ಎಷ್ಟೇ ದುಬಾರಿಯಾಗಲಿ, ಎಷ್ಟೇ ದೂರದೇಶದ್ದಾಗಲಿ, ಮನೆಯೊಳಗೆ ಬರಕೂಡದು.

ವಧುವಿನ ತಾಯಂದಿರು ವಿಶೇಷವಾಗಿ ತಿಳಿಯತಕ್ಕ ಇನ್ನೊಂದು ಸಂಗತಿಯಿದೆ. ತೀವ್ರವಾದ ಮೊಡವೆಗೆ ಐಸೋಟ್ರೆಟಿನಾಯಿನ್ ಎಂಬ ಗುಳಿಗೆಯನ್ನು ವೈದ್ಯರು ಕೆಲವು ತಿಂಗಳ ಕಾಲ ಕೊಡುವುದುಂಟು. ಗುಣಕಾರಿಯಾದ ಔಷಧ, ಆದರೆ ಅದನ್ನು ಸೇವಿಸುವಾಗ ಗರ್ಭ ನಿಂತರೆ ಶಿಶುವಿಗೆ ಘೋರವಾದ ಅಂಗವೈಕಲ್ಯವುಂಟಾಗಬಹುದು. ಸೇವನೆಯ ಅವಧಿಯಲ್ಲಿಯೂ ನಿಲ್ಲಿಸಿದ ಮೇಲೆ ಒಂದು ತಿಂಗಳೂ ಗರ್ಭಧಾರಣೆಯಾಗಕೂಡದು. ಆ ಕಾಲದಲ್ಲಿಯೂ ಆನಂತರ ಕೆಲವು ತಿಂಗಳೂ ಮೇಣ ಹಚ್ಚಿ ರೋಮ ಕೀಳಿಸಿದರೆ ಚರ್ಮವೇ ಕಿತ್ತುಬರುವ ಭಯವಿದೆ. ಆದುದರಿಂದ ಚರ್ಮವೈದ್ಯರ ಮುಂದೆ ಹೇಳತಕ್ಕ ಮೊದಲ ಮಾತು ಮದುವೆಯ ತಾರೀಖು. ಸಂಕೋಚದಿಂದ ಅದನ್ನು ಮುಚ್ಚಿಟ್ಟು ಚಿಕಿತ್ಸೆ ಪಡೆಯುವುದು ಹೊಸ ಸಂಸಾರಕ್ಕೆ ಹಿತವಲ್ಲ.

ಮನೆಮದ್ದೆಂದರೆ ಸದಾ ನಿರಪಾಯವೆಂಬ ನಂಬಿಕೆಯೂ ಸರಿಯಲ್ಲ. ಕಡಲೆಹಿಟ್ಟು, ಹಾಲಿನ ಕೆನೆ, ಮಿತವಾದ ಅರಿಶಿನ ಇವು ಬಹುಮಂದಿಗೆ ಒಗ್ಗುತ್ತವೆ. ಆದರೆ ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ತಿಂಗಳುಗಟ್ಟಲೆ ಹೋಗದ ಕಪ್ಪುಕಲೆ ಬೀಳುತ್ತದೆ. ಮದರಂಗಿಯ ಸೊಪ್ಪಿನ ಸಹಜವಾದ ಬಣ್ಣ ಕೆಂಪು. ಒಂದೆರಡು ದಿನಗಳಲ್ಲಿ ಅದು ತಾನಾಗಿ ಗಾಢವಾಗುತ್ತದೆ. ಗಳಿಗೆಯೊಳಗೆ ಕಪ್ಪಾಗಿ ಏರುವ ಮದರಂಗಿಯಲ್ಲಿ ತಲೆಗೂದಲಿನ ಬಣ್ಣಕ್ಕೆ ಬಳಸುವ ರಾಸಾಯನಿಕವಿರುವ ಸಂಭವವಿದೆ. ಅದರಿಂದ ಕೈಮೇಲೆ ಬೊಬ್ಬೆಗಳೇಳುವುದುಂಟು. ಅಂಟು ಬಿಂದಿಯ ಗೋಂದಿನಲ್ಲಿರುವ ಒಂದು ರಾಸಾಯನಿಕ ಕೆಲವರ ಹಣೆಯಲ್ಲಿ ಬಿಳಿಯ ಮಚ್ಚೆ ಮೂಡಿಸುತ್ತದೆ. ಯಾವ ಹೊಸ ವಸ್ತುವನ್ನಾದರೂ ಮೊಣಕೈಯ ಒಳಮಡಿಕೆಯಲ್ಲಿ ತುಸು ಹಚ್ಚಿ ಎರಡು ದಿನ ನೋಡುವುದು ಉಚಿತ. ಮದುವೆಗೆ ಮುಂಚಿನ ಕೊನೆಯ ತಿಂಗಳಲ್ಲಿ ಹೊಸದೇನನ್ನೂ ಆರಂಭಿಸದಿರುವುದು ಅದಕ್ಕಿಂತಲೂ ಉಚಿತ.

ಹಾಗಾದರೆ ಮಾಡಬೇಕಾದುದೇನು? ದಿನಕ್ಕೆ ಎರಡು ಬಾರಿ ಸೌಮ್ಯವಾದ ಸಾಬೂನಿನಿಂದ ಮುಖ ತೊಳೆಯುವುದು, ತೊಳೆದ ಮೇಲೆ ಚರ್ಮಕ್ಕೆ ಪಸೆ ಉಳಿಸುವ ಸಾದಾ ಲೇಪ, ಬಿಸಿಲಿಗೆ ಹೊರಡುವ ಮುನ್ನ ಎಸ್‌ಪಿಎಫ್ 30 ಅಥವಾ ಅದಕ್ಕೂ ಹೆಚ್ಚಿನ ಬಿಸಿಲುತಡೆ ಲೇಪ, ಮೊಡವೆಯನ್ನು ಹಿಸುಕದಿರುವುದು, ಸಾಕಷ್ಟು ನಿದ್ರೆ. ಮುಂಬಯಿ, ಚೆನ್ನೈಗಳ ಬೆವರಿಗೆ ಜಿಡ್ಡಿಲ್ಲದ ಲೇಪವೂ ದೆಹಲಿಯ ಒಣ ಚಳಿಗೆ ದಪ್ಪನೆಯ ಲೇಪವೂ ಹೊಂದುತ್ತವೆ. ಇವುಗಳಿಗಿಂತ ಮುಖ್ಯವಾದುದು ರಕ್ತ ಪರೀಕ್ಷೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಗೆ ಒಳಗಾದವರು. ಕಳೆಗುಂದಿದ ಮುಖ, ಉದುರುವ ಕೂದಲು, ಬೇಗ ಬರುವ ಆಯಾಸ ಇವಕ್ಕೆ ಅನೇಕ ವೇಳೆ ಕಾರಣ ರಕ್ತದೊಳಗಿರುತ್ತದೆ. ಅದಕ್ಕೆ ಫೇಶಿಯಲ್ ಮಾಡಿಸುವುದೆಂದರೆ ಬೇರಿಗೆ ನೀರಿಲ್ಲದ ಗಿಡದ ಎಲೆ ಒರೆಸಿದಂತೆ. ವೈದ್ಯರು ಹೇಳಿದ ಕಬ್ಬಿಣಾಂಶದ ಗುಳಿಗೆಯೂ ಸೊಪ್ಪು, ಕಾಳು, ರಾಗಿಗಳ ಊಟವೂ ಕೆಲವು ತಿಂಗಳಲ್ಲಿ ಕೊಡುವ ಕಳೆಯನ್ನು ಯಾವ ಡಬ್ಬಿಯೂ ಕೊಡಲಾರದು.

ಹಲ್ಲಿನ ಲೆಕ್ಕ

ಚರ್ಮಕ್ಕೆ ದೊರೆಯುವ ಗಮನದಲ್ಲಿ ಕಾಲುಭಾಗವೂ ಹಲ್ಲಿಗೆ ದೊರೆಯುವುದಿಲ್ಲ. ಹಲ್ಲುನೋವು ಬರುವವರೆಗೆ ಹಲ್ಲಿದೆಯೆಂಬುದನ್ನೇ ಮರೆಯುವುದು ರೂಢಿ. ಆದರೆ ಮದುವೆಯ ಮನೆಯಲ್ಲಿ ನಿದ್ರೆಗೆಟ್ಟು, ಹೊತ್ತುಮೀರಿ ಉಂಡು, ಸಿಹಿ ತಿಂದು ದಣಿದ ದಿನವೇ ಹುಳುಕು ಹಲ್ಲು ಮುನಿಯುವುದೂ ಅರ್ಧ ಮೂಡಿದ ಬುದ್ಧಿಹಲ್ಲಿನ ಸುತ್ತ ವಸಡು ಊದುವುದೂ ಅಪರೂಪವಲ್ಲ. ಆದ್ದರಿಂದ ನಿಶ್ಚಿತಾರ್ಥವಾದ ತಿಂಗಳಲ್ಲಿಯೇ ವಧೂವರರಿಬ್ಬರೂ ತಂತಮ್ಮ ದಂತವೈದ್ಯರನ್ನು ಕಾಣಬೇಕು. ಹುಳುಕು ತುಂಬಿಸುವುದು, ರೂಟ್ ಕೆನಾಲ್, ತೊಂದರೆ ಕೊಡುವ ಬುದ್ಧಿಹಲ್ಲನ್ನು ತೆಗೆಸುವುದು ಇವೆಲ್ಲ ಮೊದಲ ಮೂರು ತಿಂಗಳಲ್ಲಿ ಮುಗಿಯಬೇಕು. ಸೊಟ್ಟ ಹಲ್ಲಿಗೆ ತಂತಿ ಕಟ್ಟಿಸಿದರೆ ಒಂದೂವರೆ, ಎರಡು ವರ್ಷ ಹಿಡಿಯುತ್ತದೆ. ಅದು ನಿಶ್ಚಿತಾರ್ಥದ ಅನಂತರ ಆಲೋಚಿಸುವ ವಿಷಯವಲ್ಲ.

ಹಲ್ಲಿನ ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆಂಬ ಮಾತು ಇಂದಿಗೂ ಮನೆಮನೆಯಲ್ಲಿ ಕೇಳಿಬರುತ್ತದೆ. ವಾಸ್ತವದಲ್ಲಿ ಹಲ್ಲನ್ನು ಸಡಿಲಗೊಳಿಸುವುದು ಕಿಟ್ಟವೇ. ಅದು ವಸಡನ್ನು ಕೆಡಿಸಿ, ಕ್ರಮೇಣ ಹಲ್ಲಿನ ಆಧಾರದ ಎಲುಬನ್ನು ಕರಗಿಸುತ್ತದೆ. ಕಿಟ್ಟ ಹೋದ ಮೇಲೆ ಅದು ತುಂಬಿದ್ದ ಸಂದು ನಾಲಗೆಗೆ ತಗಲುವುದರಿಂದ ಹಲ್ಲು ಅಲುಗಿದಂತೆ ಭಾಸವಾಗುತ್ತದೆ, ಅಷ್ಟೆ. ಹಲ್ಲುಜ್ಜುವಾಗ ರಕ್ತ ಬರುವುದು, ಬಾಯಿಯ ದುರ್ಗಂಧ ಇವೆರಡೂ ವಸಡಿನ ಕಾಯಿಲೆಯ ಕರೆಗಳು. ಗರ್ಭಿಣಿಯಾದಾಗ ವಸಡಿನ ಊತ ಸಹಜವಾಗಿಯೇ ಹೆಚ್ಚುತ್ತದೆ. ಆದುದರಿಂದ ಮದುವೆಗೆ ಮುನ್ನ ವಸಡನ್ನು ಸರಿಪಡಿಸಿಕೊಂಡ ಹೆಣ್ಣುಮಗಳು ಮುಂದಿನ ಕಷ್ಟವನ್ನೂ ಅರ್ಧ ಕಳೆದುಕೊಂಡಂತೆ.

ಹಲ್ಲು ಬೆಳ್ಳಗಾಗಬೇಕೆಂದು ಇದ್ದಿಲು, ಉಪ್ಪು, ಇಟ್ಟಿಗೆಪುಡಿಗಳಿಂದ ಉಜ್ಜುವವರಿದ್ದಾರೆ. ಹಾಗೆ ಉಜ್ಜಿದರೆ ಸವೆಯುವುದು ಹಲ್ಲಿನ ಮೇಲಿನ ಎನಾಮಲ್ ಕವಚ. ಅದು ಸವೆದಷ್ಟೂ ಒಳಗಿನ ಹಳದಿ ಪದರ ಕಾಣುತ್ತದೆ. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಬಿಳುಪು ಮಾಡಿಸಲೇಬೇಕೆಂದಿದ್ದರೆ ದಂತವೈದ್ಯರ ಮೇಲ್ವಿಚಾರಣೆಯಲ್ಲಿ ಕಿಟ್ಟ ತೆಗೆಸಿದ ಮೇಲೆ, ಮದುವೆಗೆ ಒಂದೆರಡು ತಿಂಗಳು ಮೊದಲು ಮಾಡಿಸಬಹುದು. ಕೆಲವು ದಿನ ತಣ್ಣೀರು ಜುಮ್ಮೆನ್ನುವುದು ಸಾಮಾನ್ಯ. ತುಂಬಿಸಿದ ಹಲ್ಲೂ ಕೃತಕ ಕವಚ ತೊಡಿಸಿದ ಹಲ್ಲೂ ಬಿಳುಪಾಗುವುದಿಲ್ಲವೆಂಬುದನ್ನು ಮೊದಲೇ ತಿಳಿದಿರಬೇಕು.

ಇಲ್ಲಿ ಕರ್ನಾಟಕದಿಂದ ವಲಸೆ ಬಂದವರಿಗೆ ಸಂಬಂಧಿಸಿದ ವಿಶೇಷ ಸಂಗತಿಯೊಂದಿದೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ರಾಯಚೂರು ಸೀಮೆಗಳ ಅನೇಕ ಊರುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಮ್ ಎಂಬ ಮಿತಿಯನ್ನು ಮೀರಿದೆ. ಆ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗಲೇ ಕಂದುಬಣ್ಣದ ಗೆರೆಗಳನ್ನು ಹೊತ್ತು ಬರುತ್ತದೆ. ಅದು ಅಶುಚಿಯ ಗುರುತಲ್ಲ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅಂಥ ಹಲ್ಲಿನ ಹುಡುಗ ಹುಡುಗಿಯರು ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುವುದನ್ನು ಅನೇಕರು ಕಂಡಿರಬಹುದು. ಹೊರಪದರವನ್ನು ಅತಿ ತೆಳುವಾಗಿ ಉಜ್ಜಿ ಕಲೆ ತೆಗೆಯುವ ಅಥವಾ ಹಲ್ಲಿನ ಮುಂಭಾಗಕ್ಕೆ ತೆಳುಹೊದಿಕೆ ಅಂಟಿಸುವ ವಿಧಾನಗಳು ಇಂದು ದಂತವೈದ್ಯರಲ್ಲಿವೆ. ಹೆಚ್ಚು ಹಣವಿಲ್ಲದವರಿಗೆ ಮುಂಬಯಿ, ಚೆನ್ನೈ, ಹೈದರಾಬಾದುಗಳ ಸರ್ಕಾರಿ ದಂತ ಕಾಲೇಜುಗಳೂ ದೆಹಲಿಯ ಮೌಲಾನಾ ಆಜಾದ್ ದಂತವಿಜ್ಞಾನ ಸಂಸ್ಥೆಯೂ ಇವೆ. ಅಲ್ಲಿ ಸರದಿ ಕಾಯಬೇಕು. ಅದಕ್ಕೂ ಬೇಕಾದುದು ಆ ಆರು ತಿಂಗಳ ಕಾಲವೇ.

ವರನ ಕಡೆಯವರಿಗೂ ಒಂದು ಮಾತು. ಹುಡುಗಿಯ ಮುಖದ ಮಚ್ಚೆಯನ್ನು ಲೆಕ್ಕ ಹಾಕುವವರು ಹುಡುಗನ ಬಾಯೊಳಗೆ ಇಣುಕುವುದಿಲ್ಲ. ಗುಟ್ಕಾ ಮಾರಾಟವನ್ನು ಮಹಾರಾಷ್ಟ್ರ 2012ರಲ್ಲಿಯೂ ಕರ್ನಾಟಕ 2013ರಲ್ಲಿಯೂ ನಿಷೇಧಿಸಿದವು. ಹಲ್ಲುಪುಡಿಯಲ್ಲಿ ತಂಬಾಕು ಬೆರೆಸುವುದು 1992ರಿಂದಲೇ ನಿಷಿದ್ಧ. ಆದರೂ ಅಡಿಕೆಯ ಚೀಟು, ತಂಬಾಕಿನ ಚೀಟು ಎಂದು ಎರಡಾಗಿ ಕೊಂಡು ಅಂಗೈಯಲ್ಲಿ ಒಂದು ಮಾಡುವ ತರುಣರಿಗೆ ಕೊರತೆಯಿಲ್ಲ. ನಿರಂತರ ಅಡಿಕೆ ಜಗಿಯುವುದರಿಂದ ಕೆನ್ನೆಯ ಒಳಪೊರೆ ಬಿಗಿದು ಬಾಯಿ ತೆರೆಯದಂತಾಗುತ್ತದೆ. ಅದು ಮುಂದೆ ಅರ್ಬುದಕ್ಕೆ ತಿರುಗಬಲ್ಲ ಸ್ಥಿತಿ. ತನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಮುಂದಿನ ಹಲ್ಲುಗಳ ನಡುವೆ ಇರಿಸಲಾರದ ಹುಡುಗ ಕಾಣಬೇಕಾದುದು ದರ್ಜಿಯನ್ನಲ್ಲ, ವೈದ್ಯರನ್ನು. ಜಾತಕದ ಕೂಟಗಳನ್ನು ಎಣಿಸುವ ಹಿರಿಯರು ಈ ಮೂರು ಬೆರಳುಗಳನ್ನೂ ಎಣಿಸಿದರೆ ತಪ್ಪೇನಿಲ್ಲ.

ಬಣ್ಣದ ಕಲಮು

ಇಷ್ಟೆಲ್ಲ ಹೇಳಿದ ಮೇಲೂ ಮೂಲ ಪ್ರಶ್ನೆ ಉಳಿಯುತ್ತದೆ. ಪಾದರಸದ ಡಬ್ಬಿಯೂ ಸ್ಟೀರಾಯ್ಡಿನ ಟ್ಯೂಬೂ ಹುಡುಗಿಯ ಕೈಗೆ ಬರುವುದು ಹೇಗೆ? ಅಂಗಡಿಯವನು ಕೊಡುವ ಮೊದಲೇ ಅದಕ್ಕೆ ಬೇಡಿಕೆ ಹುಟ್ಟಿರುತ್ತದೆ. ಹೆಣ್ಣು ನೋಡಿಹೋದವರು “ಎಲ್ಲಾ ಒಪ್ಪಿಗೆಯೇ, ಬಣ್ಣ ಮಾತ್ರ ಸ್ವಲ್ಪ ಕಡಮೆಯಾಯಿತು” ಎಂದು ಆಡುವ ಒಂದು ಮಾತು, ಒಡಹುಟ್ಟಿದವಳೊಡನೆ ಮಾಡುವ ಒಂದು ಹೋಲಿಕೆ, ಇವೇ ಆ ಬೇಡಿಕೆಯ ಬೀಜಗಳು. ಮಾತಾಡಿದವರು ಕಾಫಿ ಕುಡಿದು ಹೋಗುತ್ತಾರೆ. ಮಾತು ಆ ಮನೆಯ ಕನ್ನಡಿಯಲ್ಲಿ ಉಳಿಯುತ್ತದೆ.

ಕೃಷ್ಣನನ್ನೂ ರಾಮನನ್ನೂ ಶ್ಯಾಮವರ್ಣದವರೆಂದೇ ಧ್ಯಾನಿಸುವವರು, ದ್ರೌಪದಿಗೆ ಕೃಷ್ಣೆಯೆಂಬ ಹೆಸರಿದೆಯೆಂದು ಬಲ್ಲವರು ಸೊಸೆಯ ವಿಷಯದಲ್ಲಿ ಮಾತ್ರ ಅಳತೆಗೋಲು ಬದಲಿಸುವುದು ವಿಚಿತ್ರ. ಚರ್ಮದ ಬಣ್ಣವೆಂಬುದು ವಂಶದಿಂದ ಬಂದ ಮೆಲನಿನ್ನಿನ ಪ್ರಮಾಣ; ಬಿಸಿಲಿನಿಂದ ಚರ್ಮವನ್ನು ಕಾಯುವುದು ಅದರ ಕೆಲಸ. ಅದನ್ನು ರೋಗವೆಂದು ಭಾವಿಸಿ ಔಷಧ ಹುಡುಕುವುದೇ ಮೊದಲ ರೋಗ.

ಕಾಲ ತಕ್ಕಮಟ್ಟಿಗೆ ಬದಲಾಗಿದೆ. 2020ರಲ್ಲಿ ಮನೆಮಾತಾಗಿದ್ದ ಕ್ರೀಮೊಂದು ತನ್ನ ಹೆಸರಿನಿಂದ ಬಿಳುಪು ಎಂಬರ್ಥದ ಶಬ್ದವನ್ನು ಕೈಬಿಟ್ಟಿತು. ಅದೇ ವರ್ಷ ಪ್ರಮುಖ ವಿವಾಹ ಜಾಲತಾಣವೊಂದು ಮೈಬಣ್ಣದ ಪ್ರಕಾರ ವಧೂವರರನ್ನು ಆರಿಸುವ ಸೌಲಭ್ಯವನ್ನು ತೆಗೆದುಹಾಕಿತು. ಲಾಭಕ್ಕಾಗಿ ನಡೆಯುವ ವ್ಯಾಪಾರಸಂಸ್ಥೆಗಳು ಮಾಡಿದ ಇಷ್ಟನ್ನು ಸೇವೆಗಾಗಿ ನಡೆಯುವ ಹೊರನಾಡ ಕನ್ನಡ ಸಂಘಗಳು ಮಾಡುವುದು ಕಷ್ಟವೇ? ವಧೂವರ ಮಾಹಿತಿಯ ನಮೂನೆಯಲ್ಲಿ ಎತ್ತರ, ವಿದ್ಯೆ, ಉದ್ಯೋಗಗಳ ಜೊತೆಗೆ ‘ಮೈಬಣ್ಣ’ ಎಂಬ ಕಲಮು ಎಲ್ಲಿ ಉಳಿದಿದೆಯೋ ಅಲ್ಲಿ ಅದನ್ನು ಹೊಡೆದುಹಾಕಬೇಕು. ಒಂದು ಗೆರೆಯೆಳೆದರೆ ಸಾಕು, ಖರ್ಚೇನಿಲ್ಲ. ಆ ಜಾಗದಲ್ಲಿ ರಕ್ತದ ಗುಂಪನ್ನು ಬರೆಸಿದರೆ ಅದಾದರೂ ಆಪತ್ಕಾಲಕ್ಕೆ ಒದಗೀತು.

ಇನ್ನೊಂದು ಕೆಲಸವನ್ನೂ ಸಂಘಗಳು ಕೈಗೊಳ್ಳಬಹುದು. ಊರು ಬಿಟ್ಟು ಬಂದವರಿಗೆ ಮಹಾನಗರದಲ್ಲಿ ಕುಟುಂಬವೈದ್ಯರೆಂಬುವರಿಲ್ಲ. ಸ್ಥಳೀಯ ಭಾಷೆಯಲ್ಲಿ ವ್ಯಾಪಾರ ನಡೆಸಬಲ್ಲ ತಾಯಿಯೂ ಮಗಳ ಮೈಯ ಕಷ್ಟವನ್ನು ಹೇಳಿಕೊಳ್ಳುವಾಗ ಮಾತು ಸಾಲದೆ ತಡವರಿಸುತ್ತಾಳೆ. ಅಂತಹ ತಾಯಿಯೇ ಕೊನೆಗೆ ಔಷಧದಂಗಡಿಯ ಹುಡುಗನ ಸಲಹೆಗೆ ಒಪ್ಪುವುದು. ವರ್ಷಕ್ಕೊಮ್ಮೆ ಕಾರ್ತಿಕ ಮಾಸದಲ್ಲಿ, ಮದುವೆಯ ಕಾಲಕ್ಕೆ ಮುಂಚಿತವಾಗಿ, ದಂತ ಮತ್ತು ಚರ್ಮ ತಪಾಸಣೆಯ ಶಿಬಿರವೊಂದನ್ನು ಸಂಘದ ಸಭಾಂಗಣದಲ್ಲಿ ನಡೆಸಿ, ಆ ನಗರದಲ್ಲಿ ಕನ್ನಡ ಬಲ್ಲ ವೈದ್ಯರ ಪಟ್ಟಿಯೊಂದನ್ನು ಅಚ್ಚು ಮಾಡಿ ಹಂಚಿದರೆ ಸದಸ್ಯರ ಚಂದಾಹಣ ಸಾರ್ಥಕವಾದೀತು.

ಮದುವೆಯ ಫೋಟೋ ಆಲ್ಬಮ್ಮು ಕಪಾಟಿನಲ್ಲಿರುತ್ತದೆ. ಮುಖವೂ ಹಲ್ಲೂ ಮೂತ್ರಪಿಂಡವೂ ಮೈಯಲ್ಲೇ ಇರಬೇಕು, ಐವತ್ತು ವರ್ಷ ದುಡಿಯಬೇಕು. ಒಂದು ದಿನದ ಬೆಳಕಿಗಾಗಿ ಐವತ್ತು ವರ್ಷಗಳ ಎಣ್ಣೆಯನ್ನು ಸುರಿಯುವುದು ಯಾವ ಗೃಹಸ್ಥನಿಗೂ ಒಪ್ಪುವ ಲೆಕ್ಕವಲ್ಲ. ಬರುವ ಮಾಘ, ವೈಶಾಖಗಳಲ್ಲಿ ಹಸೆಮಣೆಯೇರಲಿರುವ ತರುಣ ತರುಣಿಯರು ತಮ್ಮ ಸಹಜವಾದ ಬಣ್ಣದಲ್ಲಿ, ಗಟ್ಟಿಯಾದ ಹಲ್ಲುಗಳಿಂದ, ಕೈ ಅಡ್ಡವಿಡದೆ ಮನಸಾರೆ ನಗುವಂತಾಗಲಿ. ಆ ನಗುವನ್ನು ನೋಡಿ ಹರಸುವಷ್ಟು ದೊಡ್ಡ ಮನಸ್ಸು ಹಿರಿಯರಿಗೂ ಬರಲಿ.